ಒಂದು ಫಿಲ್ಟರ್ ಉಳಿದ ಸಂಜೆ

ಅಂಗಡಿ ಮುಚ್ಚುವ ಮುನ್ನ ಲೆಕ್ಕ ಹಾಕುವಾಗ ಒಂದು ಆಯಿಲ್ ಫಿಲ್ಟರ್ ಉಳಿದಿತ್ತು. ಒಂದೇ ಮಾಡೆಲ್ಲಿನ ಮೂರು ಕಾರುಗಳಿಗೆಂದು ಬೆಳಿಗ್ಗೆ ಮೂರು ಫಿಲ್ಟರ್ ತೆಗೆದಿಟ್ಟಿದ್ದರು. ಮೂರೂ ಕಾರುಗಳು ಆಯಿಲ್ ಬದಲಿಸಿಕೊಂಡು ಹೋಗಿದ್ದವು, ದುಡ್ಡೂ ಬಂದಿತ್ತು. ಕಪಾಟಿನಲ್ಲಿ ಮಾತ್ರ ಒಂದು ಹೊಸ ಫಿಲ್ಟರ್, ಮೇಲಿನ ಪ್ಲಾಸ್ಟಿಕ್ ಕೂಡ ಹರಿಯದೆ, ಹಾಗೇ ಕೂತಿತ್ತು.

ಇದು ನಡೆದದ್ದು 2024ರ ಬೇಸಿಗೆಯಲ್ಲಿ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಆ ಮೂರು ಕಾರುಗಳಲ್ಲಿ ಒಂದು ನನ್ನದು. ಗ್ಯಾರೇಜಿನ ಹೆಸರಾಗಲಿ ಅದನ್ನು ನಡೆಸುವ ಮಿಸ್ತ್ರಿಯವರ ಹೆಸರಾಗಲಿ ಇಲ್ಲಿ ಬೇಡ. ಅವರು ಆ ರಾತ್ರಿ ಮಾಡಿದ್ದನ್ನು ಹೇಳಿದರೆ ಹೊಗಳಿಕೆಯಾದೀತು, ಹೊಳೆಯ ದಂಡೆಯಲ್ಲಿ ಹದಿನೈದು ವರ್ಷ ಮಾಡುತ್ತ ಬಂದದ್ದನ್ನು ಹೇಳಿದರೆ ದೂರಾದೀತು. ಎರಡನ್ನೂ ಹೇಳುವವನಿದ್ದೇನೆ. ಎರಡನ್ನೂ ಮಾಡಿದವರು ಒಬ್ಬರೇ ಎಂಬುದರಿಂದಲೇ ಈ ಪ್ರಕರಣ ನನ್ನ ಮನಸ್ಸಿನಿಂದ ಇಳಿಯದೆ ಉಳಿದಿದೆ.

ರಾತ್ರಿ ಎಂಟೂವರೆಗೆ ಫೋನ್ ಬಂತು. ‘ಸರ, ಗಾಡಿ ಒಂದ್ಸಲ ತಗೊಂಡ್ ಬರ್ರಿ. ಫಿಲ್ಟರ್ ಒಂದು ಉಳದೈತಿ. ನಿಮ್ದಕ್ಕೆ ಹಾಕೀವೋ ಇಲ್ಲೋ ನೋಡಬೇಕು.’ ನಾಳೆ ಬಂದರಾಗದೇ ಎಂದೆ. ನಿಮಗೆ ನಾಳೆ ಆದೀತು, ಆದರೆ ಮೂರರಲ್ಲೊಂದು ಟ್ರಾವೆಲ್ಸ್ ಗಾಡಿ, ಹಂಪಿಗೆ ಬಂದ ಪ್ರವಾಸಿಗರನ್ನು ಕರೆದುಕೊಂಡು ಬೆಳಗಿನ ಜಾವ ಗೋವಾಕ್ಕೆ ಹೊರಡುತ್ತದೆ, ಯಾರದೆಂದು ಈಗಲೇ ಗೊತ್ತಾಗಬೇಕು ಎಂದರು. ಕೆಲಸ ಮಾಡಿದ ಹುಡುಗ ಸಂಜೆಯ ಬಸ್ಸಿಗೆ ಕಂಪ್ಲಿ ಕಡೆಯ ತನ್ನ ಊರಿಗೆ ಹೋಗಿದ್ದ, ಅವನ ಫೋನು ಬಂದ್ ಆಗಿತ್ತು. ನಾನು ಹೋದೆ. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿಕೊಂಡು ಕೆಳಗಿಳಿದು, ಟಾರ್ಚ್ ಹಿಡಿದು, ಫಿಲ್ಟರನ್ನು ಬೆರಳಿನಿಂದ ಒರೆಸಿ ನೋಡಿದರು. ಹೊಸದೇ ಇತ್ತು. ಎರಡನೆಯ ಕಾರಿನವರ ಮನೆಗೆ ತಾವೇ ಬೈಕಿನಲ್ಲಿ ಹೋಗಿ ನೋಡಿ ಬಂದರು. ಅದೂ ಹೊಸದು. ಉಳಿದದ್ದು ಟ್ರಾವೆಲ್ಸಿನವರ ಗಾಡಿ. ಅವರಿಗೆ ಫೋನ್ ಮಾಡಿ, ತಪ್ಪಾಗಿದೆ, ಹಳೆ ಫಿಲ್ಟರೇ ಉಳಿದಿದೆ, ರಾತ್ರಿಯೇ ಬಂದು ಬದಲಿಸಿಕೊಡುತ್ತೇನೆ ಎಂದರು. ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಲಿಲ್ಲ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಟ್ರಾವೆಲ್ಸಿನ ಆರು ಗಾಡಿಗಳು ವರ್ಷಗಳಿಂದ ಅವರ ಗ್ಯಾರೇಜಿಗೇ ಬರುತ್ತಿದ್ದವು. ಆ ವಾರದಿಂದ ಬರುವುದು ನಿಂತಿತು.

ಇಲ್ಲಿ ಆಗಬಹುದಾಗಿದ್ದ ನಷ್ಟ ಎಷ್ಟು ಎಂದು ಮೊದಲು ನೋಡಬೇಕು. ಹಳೆ ಫಿಲ್ಟರ್ ಇದ್ದ ಮಾತ್ರಕ್ಕೆ ಇಂಜಿನ್ ನಿಲ್ಲುವುದಿಲ್ಲ. ಫಿಲ್ಟರ್ ಪೂರಾ ಕಟ್ಟಿಕೊಂಡರೂ ಆಯಿಲ್ ಹರಿಯುವುದು ನಿಲ್ಲದಿರಲೆಂದು ಅದರಲ್ಲೊಂದು ಬೈಪಾಸ್ ವಾಲ್ವ್ ಇರುತ್ತದೆ. ಆಗ ಸೋಸದ ಆಯಿಲ್ ಓಡಾಡುತ್ತದೆ, ಅಷ್ಟೇ. ಗೋವಾಕ್ಕೆ ಹೋಗಿ ಬರುವಷ್ಟರಲ್ಲಿ ಏನೂ ಆಗುತ್ತಿರಲಿಲ್ಲ. ಮುಂದಿನ ಸರ್ವೀಸಿನವರೆಗೂ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೂ ಬೋರ್ ಒಂದು ಕೂದಲೆಳೆಯಷ್ಟು ಹೆಚ್ಚು ಸವೆದು, ನಾಲ್ಕು ವರ್ಷದ ಮೇಲೆ ಹೊಗೆ ಉಗುಳುವ ಇಂಜಿನ್ನು ಮೂರು ತಿಂಗಳು ಮೊದಲೇ ಉಗುಳಿದರೆ, ಅದನ್ನು ಯಾರೂ ಹಿಂದಕ್ಕೆ ಲೆಕ್ಕ ಹಾಕಿ ಈ ಸಂಜೆಗೆ ತಂದು ನಿಲ್ಲಿಸುತ್ತಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೇಳಿದ್ದರಿಂದ ಆರು ಗಾಡಿಗಳ ಗಿರಾಕಿ ಹೋದರು.

ಆಯಿಲ್ ಬದಲಿಸುವ ಕಸುಬಿನ ನೈತಿಕ ಕಷ್ಟವೆಲ್ಲ ಇಲ್ಲಿದೆ. ಕೆಲಸವೇನೋ ಅರ್ಧ ಗಂಟೆಯದು. ಇಂಜಿನ್ ಬೆಚ್ಚಗಿರುವಾಗ ಚೇಂಬರಿನ ಕೆಳಗಿನ ಬೋಲ್ಟು ಬಿಚ್ಚಿ ಹಳೆಯದನ್ನು ಇಳಿಸಬೇಕು. ವಾಶರ್ ಬದಲಿಸಿ ಬೋಲ್ಟು ಬಿಗಿಯಬೇಕು. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಲ್ಲಿ ಒಂದಿಷ್ಟು ಆಯಿಲ್ ಸವರಿ ಕೈಯಿಂದಲೇ ತಿರುವಬೇಕು. ಸಣ್ಣ ಕಾರಾದರೆ ಮೇಲಿಂದ ಮೂರು, ಮೂರೂವರೆ ಲೀಟರ್ ಸುರಿದು ಗೇಜ್ ನೋಡಬೇಕು. ಗಿರಾಕಿ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುವುದು ಬಗ್ಗಿದ ಬೆನ್ನು ಮಾತ್ರ. ಫಿಲ್ಟರ್ ಒರೆಸಿ ಅದನ್ನೇ ಹಾಕಿದರೆ ತಿಳಿಯದು. ಡಬ್ಬಿಯಲ್ಲಿ ಅರ್ಧ ಲೀಟರ್ ಉಳಿಸಿಕೊಂಡರೂ ತಿಳಿಯದು. ಹೆಸರಾಂತ ಕಂಪನಿಯ ಹಳೆ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮುಚ್ಚಳ ಒತ್ತಿದ್ದರಂತೂ ತಿಳಿಯುವ ದಾರಿಯೇ ಇಲ್ಲ. ಈ ಮಿಸ್ತ್ರಿ ಡಬ್ಬಿಯ ಸೀಲನ್ನು ಗಿರಾಕಿಯ ಮುಂದೆ ಒಡೆಯುತ್ತಾರೆ, ಸುರಿದ ಮೇಲೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹಾಕಿ ಎಸೆಯುತ್ತಾರೆ. ಗುಜರಿಯಿಂದ ಅದು ಮತ್ತೆ ನಕಲಿಯವರ ಕೈಗೆ ಹೋಗಬಾರದೆಂದು.

ಇದರ ಇನ್ನೊಂದು ಮಗ್ಗುಲೂ ಇದೆ. ಹೆದರಿಸಿ ಮಾರುವುದು ಮೋಸದಷ್ಟೇ ಸುಲಭ. ಭಾನುವಾರ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿ ಬರುವ ನಿವೃತ್ತರ ಕಾರಿಗೆ ವರ್ಷಕ್ಕೊಂದು ಸಲ ಸಾಕು. ಸಂಡೂರಿನ ಗಣಿಗಳ ದಾರಿಯಲ್ಲಿ ದಿನಾ ಓಡುವ ಗಾಡಿಗೆ ಅದು ಸಾಲದು. ಅಲ್ಲಿಯ ಕೆಂಧೂಳಿನಲ್ಲಿ ಹೆಮಟೈಟ್ ಇದೆ, ಅದಿರಿನ ಪಟ್ಟೆಕಲ್ಲಿನಿಂದ ಬಂದ ಬೆಣಚುಕಲ್ಲಿನ ಪುಡಿಯೂ ಇದೆ. ಬೆಣಚುಕಲ್ಲು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಏರ್ ಫಿಲ್ಟರ್ ದಾಟಿ ಆಯಿಲಿಗೆ ಸೇರಿದರೆ ಮರಳುಕಾಗದದ ಕೆಲಸ ಮಾಡುತ್ತದೆ. ಅಂಥ ಗಾಡಿಗೆ ಪುಸ್ತಕದಲ್ಲಿ 10,000 ಕಿಲೋಮೀಟರ್ ಎಂದಿದ್ದರೆ 5,000ಕ್ಕೇ ಬದಲಿಸಿ ಎನ್ನುವುದು ನ್ಯಾಯ. ಇಬ್ಬರಿಗೂ ಒಂದೇ ಮಾತು ಹೇಳಿದರೆ ಒಬ್ಬನ ಜೇಬಿಗೆ ಅನ್ಯಾಯ, ಇನ್ನೊಬ್ಬನ ಇಂಜಿನ್ನಿಗೆ ಅನ್ಯಾಯ. ನನ್ನ ಕಾರಿಗೆ ‘ಇನ್ನೂ ಎರಡು ತಿಂಗಳು ಓಡಸ್ರಿ ಸರ’ ಎಂದು ಅವರು ವಾಪಸ್ ಕಳಿಸಿದ್ದು ಒಂದೆರಡು ಸಲ ಅಲ್ಲ.

ಆ ರಾತ್ರಿ ಮನೆಗೆ ಬರುವಾಗ ನನಗೆ ನೆನಪಾದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆ ದಂಪತಿಗೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುವುದೇ ಕಾಯಕ. ಒಂದು ದಿನ ಗಂಡ ಮಾರಯ್ಯ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳಂತೆ. ಬಿದ್ದ ಅಕ್ಕಿಗೆ ಒಡೆಯನಿಲ್ಲ, ಯಾರೂ ಕೇಳುತ್ತಿರಲಿಲ್ಲ. ಲಕ್ಕಮ್ಮನಿಗೆ ಲೆಕ್ಕ ತಪ್ಪಿದ್ದೇ ಸಾಕಾಗಿತ್ತು. ಕಪಾಟಿನಲ್ಲಿ ಉಳಿದ ಫಿಲ್ಟರ್ ನನಗೆ ಆ ಹೆಚ್ಚಿನ ಅಕ್ಕಿಯ ಹಾಗೆ ಕಂಡಿತು.

ಮರುದಿನ ಹುಡುಗ ಬಂದ. ಹದಿನೆಂಟು, ಹತ್ತೊಂಬತ್ತರವನು. ಹಳೆ ಫಿಲ್ಟರ್ ಬಿಗಿಯಾಗಿ ಕಚ್ಚಿಕೊಂಡಿತ್ತು, ಪಟ್ಟಿ ಹಾಕಿ ತಿರುವಿದರೂ ಬರಲಿಲ್ಲ, ಅದು ನಜ್ಜಾಗತೊಡಗಿದಾಗ ಹೆದರಿ ಹಾಗೇ ಬಿಟ್ಟೆ ಎಂದ. ‘ಯಾಕಪ್ಪಾ, ನನ್ನ ಕೇಳಬಾರದಿತ್ತೇನು?’ ಎಂದರು ಮಿಸ್ತ್ರಿ. ‘ಬೈತೀರಿ ಅಂತ ಅಣ್ಣ.’ ಬಹಳ ಹೊತ್ತು ಅವರು ಏನೂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಹಿಂದೆ ಒಂದು ಸಲ ಇವನು ಚೇಂಬರ್ ಬೋಲ್ಟಿನ ಥ್ರೆಡ್ ಕೆಡಿಸಿದಾಗ ಗಿರಾಕಿಗಳ ಎದುರೇ ಬೈದಿದ್ದೆ ಎಂದರು. ತಪ್ಪಿನ ಪಾಲು ಹಂಚುವ ಹೊತ್ತಿನಲ್ಲಿ ತನ್ನ ಪಾಲನ್ನೂ ಎತ್ತಿಕೊಳ್ಳುವವರನ್ನು ನಾನು ಹೆಚ್ಚು ಕಂಡಿಲ್ಲ. ಹೆದರಿದ ಕೈ ಸುಳ್ಳು ಕೆಲಸ ಮಾಡುತ್ತದೆ, ಆ ಹೆದರಿಕೆ ಹುಟ್ಟಿಸಿದ್ದು ಯಾರು ಎಂದು ಅವರು ಕೇಳಿಕೊಂಡರು. ನಾನು ಮೂವತ್ತು ವರ್ಷ ಪಾಠ ಮಾಡಿದವನು. ಹೋಂವರ್ಕ್ ಮಾಡದೆ ಮಾಡಿದ್ದೇನೆಂದ ಮಕ್ಕಳನ್ನು ಹಾಗೆ ಒಮ್ಮೆಯೂ ನೋಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಬ್ಬ ಪ್ರಾಮಾಣಿಕ ಮಿಸ್ತ್ರಿಯ ಕಥೆಯಾಗುತ್ತಿತ್ತು. ಆದರೆ ಅದೇ ಮಿಸ್ತ್ರಿ ತಿಂಗಳಿಗೊಂದೆರಡು ಸಲ ಹೊಳೆಗೂ ಹೋಗುತ್ತಾರೆ.

ತುಂಗಭದ್ರೆಯಲ್ಲಿ ಮೋಟಾರು ದೋಣಿಗಳು ಬಹಳ ಇಲ್ಲ. ಇದು ಹರಿಗೋಲಿನ ಸೀಮೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಯಸ್ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರುವಷ್ಟು ದೊಡ್ಡವು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿವೆ. ಹಂಪಿಯಿಂದ ಕಂಪ್ಲಿಯವರೆಗೆ ಮೀನು ಹಿಡಿಯುವವರಿಗೆ ಇಂದಿಗೂ ಪುಟ್ಟಿ ಎಂದು ಕರೆಯುವ ಈ ಹರಿಗೋಲೇ ಆಧಾರ. ಅದಕ್ಕೆ ಇಂಜಿನ್ ಇಲ್ಲ, ಆಯಿಲ್ ಬೇಡ. ಇವುಗಳ ನಡುವೆ ಜನರನ್ನು ದಾಟಿಸಲು, ಪ್ರವಾಸಿಗರನ್ನು ಕೂರಿಸಿಕೊಳ್ಳಲು ಅಲ್ಲೊಂದು ಇಲ್ಲೊಂದು ಮೋಟಾರು ದೋಣಿ. ಇವುಗಳ ಜೊತೆಗೆ ಕಂಪ್ಲಿ ಕಡೆಯ ಗದ್ದೆಗಳಿಗೆ ಹೊಳೆಯಿಂದ ನೀರೆತ್ತುವ ಡೀಸೆಲ್ ಪಂಪುಗಳು. ಎಲ್ಲಕ್ಕೂ ಮಿಸ್ತ್ರಿ ಬೇಕು.

ದೋಣಿಯ ಇಂಜಿನ್ನಿನ ಕೆಲಸ ಕಾರಿನದಕ್ಕಿಂತ ನಾಜೂಕು. ಫೋರ್ ಸ್ಟ್ರೋಕ್ ಇಂಜಿನ್ನಾದರೆ 100 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು. ನೀರಿನಲ್ಲಿ ಮುಳುಗಿರುವ ಗೇರಿನ ಭಾಗದ ಆಯಿಲ್ ಬೇರೆ. ಅದನ್ನು ಇಳಿಸಿದಾಗ ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಹಳೆಯ ಟೂ ಸ್ಟ್ರೋಕ್ ಇಂಜಿನ್ನುಗಳಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಬೆರೆತು ಉರಿಯುತ್ತದೆ, ಉರಿಯದೆ ಉಳಿದದ್ದು ಹೊಗೆಯೊಂದಿಗೆ ಸೀದಾ ನೀರಿಗೆ ಹೋಗುತ್ತದೆ. ಇದನ್ನೆಲ್ಲ ಅವರು ನನಗೆ ಕಲಿಸಿದ್ದು ದಂಡೆಯ ಮೇಲೆ, ಫಿಲ್ಟರಿನ ಪ್ರಸಂಗ ಕಳೆದು ತಿಂಗಳೊಳಗೆ. ಯಾವ ಘಟ್ಟ ಎಂದು ಹೇಳುವುದಿಲ್ಲ. ಕುತೂಹಲಕ್ಕೆ ನಾನೂ ಜೊತೆಗೆ ಹೋಗಿದ್ದೆ. ದೋಣಿಯನ್ನು ಮರಳಿಗೆ ಎಳೆದಿದ್ದರು. ಅವರು ಇಂಜಿನ್ ಓರೆ ಮಾಡಿ ಬೋಲ್ಟು ಬಿಚ್ಚಿದರು, ಕಪ್ಪು ಆಯಿಲ್ ನೂಲಿನಂತೆ ಮರಳಿಗಿಳಿಯಿತು. ಅವರು ಕಾಲಿನಿಂದ ಅದರ ಮೇಲೆ ಒಣ ಮರಳು ತಳ್ಳಿದರು. ನೀರಿನಂಚು ಅಲ್ಲಿಂದ ಹತ್ತು ಹೆಜ್ಜೆ.

ನಾನು ಏನೂ ಹೇಳಲಿಲ್ಲ. ನೋಡುತ್ತ ನಿಂತಿದ್ದೆ.

ಆ ದಂಡೆ ಯಾರದೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಪ್ರದೇಶ ಅದು. ಬಂಡೆಗಳ ಸಂದಿಯಿಂದ ಹಿಂಡುಹಿಂಡಾಗಿ ಇಳಿದು ಮೀನು ಹಿಡಿಯುವ ಈ ಪ್ರಾಣಿಗೆ ಚಳಿ ತಡೆಯುವ ಕೊಬ್ಬಿನ ಪದರ ಇಲ್ಲ. ಅದರ ದಟ್ಟ ತುಪ್ಪಳದೊಳಗೆ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ. ಎಣ್ಣೆ ತಗುಲಿದರೆ ತುಪ್ಪಳ ಅಂಟಿಕೊಂಡು ಗಾಳಿ ಹೋಗುತ್ತದೆ, ನೀರು ಚರ್ಮಕ್ಕೇ ಮುಟ್ಟುತ್ತದೆ. ಆ ಎಣ್ಣೆಯನ್ನು ಅದು ನೆಕ್ಕಿ ತೆಗೆಯುತ್ತದೆ, ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ಲೆಕ್ಕವೂ ಇದಕ್ಕಿಂತ ಹಗುರವಲ್ಲ. ಒಂದು ಸಲ ಬದಲಿಸಿದಾಗ ಇಳಿಯುವ ಹಳೆ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ 37 ಲಕ್ಷ ಲೀಟರಿಗೂ ಹೆಚ್ಚು ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ನಾನು ಯೋಚಿಸಿದ್ದು ಇದೊಂದನ್ನೇ. ಒಂದು ಫಿಲ್ಟರಿಗಾಗಿ ರಾತ್ರೋರಾತ್ರಿ ಗಿರಾಕಿಗಳಿಗೆ ಫೋನ್ ಮಾಡಿದವರು, ಹದಿನೈದು ವರ್ಷ ಮರಳಿಗೆ ಬಿಟ್ಟ ಆಯಿಲಿಗಾಗಿ ಯಾರಿಗೂ ಯಾಕೆ ಫೋನ್ ಮಾಡಲಿಲ್ಲ? ಅವರ ಮನಸ್ಸಾಕ್ಷಿ ಮಂದವಾಗಿದ್ದಕ್ಕಲ್ಲ, ಆ ಸಂಜೆ ಅದರ ಚುರುಕನ್ನು ನಾನೇ ಕಂಡಿದ್ದೆ. ಫೋನ್ ಮಾಡಲು ಆ ಕಡೆ ನಂಬರ್ ಇರಲಿಲ್ಲ. ನೀರುನಾಯಿಗೆ ನಂಬರ್ ಇಲ್ಲ. ಕಂಪ್ಲಿಯ ಕೆಳಗೆ ಹೊಳೆಯ ನೀರು ತುಂಬಿಕೊಳ್ಳುವ ಹೆಣ್ಣುಮಗಳ ನಂಬರ್ ಯಾವ ಗ್ಯಾರೇಜಿನ ಪುಸ್ತಕದಲ್ಲೂ ಇಲ್ಲ. ನಮ್ಮ ಪ್ರಾಮಾಣಿಕತೆ ನಾವು ಮುಖ ಕಂಡವರವರೆಗೆ ಹೋಗಿ, ಅಲ್ಲಿಂದ ಮುಂದೆ ದಾರಿ ಕಾಣದೆ ನಿಲ್ಲುತ್ತದೆ. ಇದು ಆ ಮಿಸ್ತ್ರಿಯೊಬ್ಬರ ಕೊರತೆಯಲ್ಲ. ಅವರು ಕೆಲಸ ಕಲಿತದ್ದು ಅದಿರು ಲಾರಿಗಳ ಕಾಲದಲ್ಲಿ. 2003ರ ನಂತರ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಒಂದೊಂದು ಲಾರಿಯಿಂದ ಹದಿನೈದು ಲೀಟರಿನ ಆಸುಪಾಸು ಹಳೆ ಆಯಿಲ್ ಇಳಿಯುತ್ತಿತ್ತು, ರಸ್ತೆ ಬದಿಯ ತಗ್ಗಿಗೇ ಇಳಿಯುತ್ತಿತ್ತು. ಬೆಟ್ಟವೇ ಕರಗಿ ಬಂದರಿಗೆ ಹೋಗುತ್ತಿರುವಾಗ ತಗ್ಗಿನಲ್ಲಿದ್ದ ಆಯಿಲನ್ನು ಕೇಳುವವರಾರು? ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು, ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಗ್ಯಾರೇಜುಗಳು ಬಾಗಿಲು ಹಾಕಿದವು. ಮಿಸ್ತ್ರಿ ಕಾರಿಗೆ ಬಂದರು, ಹೊಳೆಯ ಕೆಲಸವನ್ನು ಹೆಚ್ಚಿಸಿಕೊಂಡರು. ಕೈ ಕಲಿತದ್ದನ್ನು ಕೈ ಮಾಡುತ್ತ ಬಂತು.

ಫಿಲ್ಟರಿನ ಪ್ರಸಂಗ ನಡೆದ ಅದೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒಂದು ಗೇಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಹೊಳೆ ಉಕ್ಕಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಆ ವಾರ ಹೊಸಪೇಟೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಉಳಿದೀತೇ ಎಂಬ ಚಿಂತೆ ಕಂಪ್ಲಿ, ಗಂಗಾವತಿ, ಸಿಂಧನೂರಿನವರೆಗೆ ಇತ್ತು. 33 ಗೇಟುಗಳ, 1953ರಿಂದ ನಿಂತಿರುವ ಅಣೆಕಟ್ಟು. ಗ್ಯಾರೇಜಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾಗ ಮಿಸ್ತ್ರಿ ಹೇಳಿದರು: ‘ಚೈನ್ ಕಡೀತು ಅಂತಾರಲ್ರಿ ಸರ, ಚೈನ್ ಕಡಿಯಂಗಿಲ್ಲ. ಒಂದು ಕೊಂಡಿ ಕಡೀತದ.’ ಕೊಂಡಿಯ ಪಿನ್ನು ಒಳಗೆ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಬೈಕಿನ ಚೈನಿನಲ್ಲೂ ಹಾಗೇ ಎಂದು ಹುಡುಗನಿಗೆ ತೋರಿಸಿದರು. ಅಣೆಕಟ್ಟಿನ ವಿಷಯದಲ್ಲಿ ತೀರ್ಪು ಹೇಳುವ ಕೆಲಸ ನನ್ನದಲ್ಲ. ಕಾಣದ ಕಡೆ ನಡೆಯುವ ಸವೆತಕ್ಕೆ ಬೆಲೆ ತೆರುವವರು ಎಷ್ಟು ದೂರದಲ್ಲಿ, ಎಷ್ಟು ಜನ ಇರುತ್ತಾರೆ ಎಂಬುದು ಆ ವಾರ ನಮಗೆಲ್ಲ ಕಣ್ಣಾರೆ ಕಂಡಿತು. ಮಿಸ್ತ್ರಿಯವರಿಗೂ ಕಂಡಿತೆಂದು ಕಾಣುತ್ತದೆ.

ಹೊಳೆ ಇಳಿದ ಮೇಲೆ ನಾನು ದಂಡೆಯ ಮಾತು ತೆಗೆದೆ. ಮೊದಲೇ ಹೇಳಬೇಕಿತ್ತು. ಅವರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಗ್ಯಾರೇಜಿನ ಹಳೆ ಆಯಿಲನ್ನು ಅವರು ಹಿಂದಿನಿಂದಲೂ ಬ್ಯಾರೆಲ್ಲಿಗೇ ಹಾಕುತ್ತಿದ್ದರು. ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟ್ ಅಂಟದಿರಲೆಂದು ಬಳಿಯುವವರು, ಬೇಲಿಕಂಬಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವವರು ಬಂದು ಒಯ್ಯುತ್ತಿದ್ದರು. ಅದೂ ಕೊನೆಗೆ ಮಳೆಗೆ ತೊಳೆದು ಹಳ್ಳಕ್ಕೇ ಸೇರುವುದು. ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು ಎಂಬ ನಿಯಮ ಇದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಅದನ್ನು ಹಿಂಪಡೆದು ಶುದ್ಧೀಕರಿಸುವ ಹೊಣೆ ಬಿದ್ದಿದೆ. ಆಯಿಲ್ ಕೊಳೆಯಾಗುತ್ತದೆಯೇ ಹೊರತು ಸವೆದುಹೋಗುವುದಿಲ್ಲ. 42 ಗ್ಯಾಲನ್ ಕಚ್ಚಾತೈಲದಿಂದ ಸಿಗುವಷ್ಟು ಲ್ಯೂಬ್ ಆಯಿಲ್ ಒಂದೇ ಗ್ಯಾಲನ್ ಹಳೆ ಆಯಿಲಿನಿಂದ ಮತ್ತೆ ಸಿಗುತ್ತದೆ. ಇದನ್ನು ಕೇಳಿ ಅವರು ನಿಜವಾಗಿ ಬೆರಗಾದರು. ಇಷ್ಟು ವರ್ಷ ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬ.

ಆಗಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಎಡಕ್ಕೆ ‘ಹಾಕಿದ್ದು’, ಬಲಕ್ಕೆ ‘ಇಳಿದದ್ದು’. ಹುಡುಗನೇ ಬರೆಯುತ್ತಾನೆ, ಕಚ್ಚಿಕೊಂಡ ಫಿಲ್ಟರ್ ಬಂದರೆ ಈಗ ಕೂಗಿ ಕರೆಯುತ್ತಾನೆ. ಇಂಜಿನ್ ಸ್ವಲ್ಪ ತಿನ್ನುತ್ತದೆ, ಹಾಗಾಗಿ ಎರಡೂ ಪೂರಾ ಸರಿಹೊಂದುವುದಿಲ್ಲ, ಆದರೆ ಹತ್ತಿರ ಹತ್ತಿರ ಇರಬೇಕು. ಕಾರುಗಳ ಪುಟದಲ್ಲಿ ಹೊಂದುತ್ತಿತ್ತು. ದೋಣಿಗಳ ಪುಟದಲ್ಲಿ ಮೊದಲ ತಿಂಗಳು ಒಂದೂವರೆ ಲೀಟರ್ ಕಡಿಮೆ ಬಂತು. ತಟ್ಟೆ ಜರುಗಿ ಮರಳಿಗೆ ಚೆಲ್ಲಿತ್ತು ಎಂದು ಹುಡುಗ ಒಪ್ಪಿಕೊಂಡ. ಮಿಸ್ತ್ರಿ ಅವನನ್ನೇ ಕರೆದುಕೊಂಡು ಮತ್ತೆ ದಂಡೆಗೆ ಹೋದರು. ಕಪ್ಪಾದ ಮರಳನ್ನು ಸಲಿಕೆಯಿಂದ ಬಗೆದು, ಯೂರಿಯಾ ಚೀಲವೊಂದಕ್ಕೆ ತುಂಬಿ ತಂದರು. ಆಯಿಲ್ ಒಯ್ಯಲು ಬಂದ ಪರವಾನಗಿ ಇರುವ ಲಾರಿಯವನು ಬ್ಯಾರೆಲ್ ಏರಿಸಿಕೊಂಡ. ಮರಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದ.

ಮೊನ್ನೆ ಹೋದಾಗಲೂ ಚೀಲ ಮೂಲೆಯಲ್ಲೇ ಇತ್ತು, ಬಾಯಿಗೆ ತಂತಿ ಸುತ್ತಿ, ಕೆಳಗೆ ಹಳೆ ಟಯರ್ ಇಟ್ಟು. ಯಾರಿಗೆ ಕೊಡಬೇಕು ಸರ ಎಂದು ಕೇಳಿದರು. ಮಂಡಳಿಯ ಕಚೇರಿಗೆ ಒಂದು ಅರ್ಜಿ ಬರೆಯೋಣ ಎಂದೆ. ಆ ನೋಟ್‌ಬುಕ್ಕಿನ ಹಿಂದಿನ ಪುಟ ಹರಿದು ಕೊಟ್ಟರು.